ಬಾನೆಟ್ಟಿನೊಳಗಿನ ಉಬ್ಬಸ

ಅಣ್ಣ ಅವತ್ತು ಕಾರನ್ನ ಅದಕ್ಕಂತ ಬಾಡಿಗೆಗೆ ಹಿಡಿದ ಶೆಡ್ಡಿನಲ್ಲೇ ಬಿಟ್ಟು ನಡೆದುಕೊಂಡು ಬರ್ತಿದ್ದ. ಅಣ್ಣ ಅಂದ್ರೆ ನನ್ನ ದೊಡ್ಡಮ್ಮನ ಮಗ, ಲೇಥ್ ಕೆಲಸದವನು. ನೀವ್ಯಾರೂ ಅವನನ್ನ ನೋಡಿಲ್ಲ. ಒಂದು ಸಲ ನೋಡಿದ್ರೆ ನಿಮಗೇ ಗೊತ್ತಾಗುತ್ತೆ, ಕತೆ ಕಟ್ಟೋ ಪೈಕಿ ಅಲ್ಲ ಅವನು. ನಾವು ಹತ್ತು ಮಾತಾಡಿದ್ರೆ ಅವನು ಒಂದು ಆಡ್ತಾನೆ. ಅದನ್ನೂ ಅಳೆದು, ಅಂಚು ಉಜ್ಜಿ, ಆಮೇಲೆ ಕೊಡ್ತಾನೆ.

ರಾತ್ರಿ ಹನ್ನೊಂದಾಗಿತ್ತು. ಶೆಡ್ಡಿನಿಂದ ಮನೆಗೆ ಕಾಲು ಗಂಟೆ ದಾರಿ. ಶೆಡ್ಡು ದಾಟಿ ಸ್ವಲ್ಪ ಮುಂದಕ್ಕೆ ಒಂದು ಹಾಳು ಬಾವಿ. ಯಾರೂ ನೀರು ಸೇದಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅದರ ಹತ್ತಿರ ಬಂದಾಗ ಕೇಳಿಸ್ತು.

ಹೀ…ಈ…ಈ…

ಆಮೇಲೆ ಏನಿಲ್ಲ. ಒಂದು, ಎರಡು ಎಣಿಸೋವಷ್ಟು ಹೊತ್ತು. ಮತ್ತೆ… ಹೀ…ಈ…ಈ… ಕೊನೆಯಲ್ಲಿ ಸಣ್ಣಗೆ ಗೊರ್ ಅಂತ.

ಅಣ್ಣ ನಿಂತ. ಜಾಲರಿ ಮೇಲೆ ಕೈಯಿಟ್ಟು ಬಗ್ಗಿದ. ಕಬ್ಬಿಣ ತಣ್ಣಗಿತ್ತು. ಬಾವಿಯೊಳಗಿಂದ ಬರೀ ಹಳೇ ನೀರಿನ ವಾಸನೆ. ಸದ್ದು ಅಲ್ಲಿಂದ ಬರ್ತಿರಲಿಲ್ಲ. ಬೆನ್ನ ಹಿಂದಿನಿಂದ… ಅವನು ಈಗಷ್ಟೇ ಬೀಗ ಹಾಕಿ ಬಂದ ಶೆಡ್ಡಿನ ಕಡೆಯಿಂದ.

ವಾಪಸ್ ಹೋದ. ಶಟರ್ ಇಳಿದೇ ಇತ್ತು, ಬೀಗ ಹಾಕಿದ ಹಾಗೇ ಇತ್ತು. ಶಟರ್‌ಗೆ ಕಿವಿ ಒತ್ತಿ ಹಿಡಿದ. ಒಳಗೆ ಕಾರು ಬಿಟ್ಟು ಬೇರೇನೂ ಇಲ್ಲ. ಎಂಜಿನ್ ಆಫ್. ಕೀ ಅವನ ಜೇಬಿನಲ್ಲೇ ಇದೆ.

ಹೀ…ಈ…ಈ… ಗೊರ್.

ಶಟರ್ ಎತ್ತೋದಕ್ಕೆ ಧೈರ್ಯ ಸಾಲಲಿಲ್ಲ ಅಂತ ಅವನೇ ನನ್ನ ಹತ್ತಿರ ಒಪ್ಪಿಕೊಂಡಿದ್ದಾನೆ. ಯಾಕಂದ್ರೆ ಅದು ಯಾರ ಉಸಿರು ಅಂತ ಅವನಿಗೆ ಗೊತ್ತಾಗಿತ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಲ್ಲದಿದ್ರೆ ನಿಮಗೆ ತಲೆಬುಡ ತಿಳಿಯಲ್ಲ.

ನಮ್ಮ ದೊಡ್ಡಮ್ಮನಿಗೆ ಉಬ್ಬಸ ಇತ್ತು. ದಮ್ಮು ಅಂತಾರಲ್ಲ, ಅದೇ. ನಮ್ಮ ಕಡೆ ಸಣ್ಣ ದವಾಖಾನೆ ಇದೆ, ಆದ್ರೆ ಉಸಿರೇ ನಿಲ್ಲೋ ಹಾಗಾದ್ರೆ ಬೆಟ್ಟದ ಆಚೆ ದೊಡ್ಡಾಸ್ಪತ್ರೆಗೇ ಹೋಗಬೇಕು. ಆಂಬ್ಯುಲೆನ್ಸ್ ಕರೆದ್ರೆ ಅದು ಆಚೆಯಿಂದ ಬೆಟ್ಟ ಹತ್ತಿಳಿದು ಬರಬೇಕು, ನಮ್ಮನ್ನ ತುಂಬಿಕೊಂಡು ಮತ್ತೆ ಹತ್ತಿಳಿಯಬೇಕು. ಅಷ್ಟರಲ್ಲಿ ಆಗೋದು ಆಗಿಹೋಗಿರುತ್ತೆ. ಅದಕ್ಕೆ ಎಲ್ಲರೂ ಕೈಗೆ ಸಿಕ್ಕ ಗಾಡಿಯಲ್ಲೇ ಹೊರಡೋದು.

ದೊಡ್ಡಮ್ಮನಿಗೆ ದಮ್ಮು ಕಟ್ಟಿದ ರಾತ್ರಿ ಅಣ್ಣ ಅವಳನ್ನ ಇದೇ ಕಾರಿನಲ್ಲಿ ಕರಕೊಂಡು ಹೊರಟ. ಕಾರು ಆಗಲೇ ಹಳೇದು. ಏರು ಬಂದ್ರೆ ಎರಡನೇ ಗೇರಿಗೆ ಬಂದು ಮುಲುಗುತ್ತಿತ್ತು. ದೊಡ್ಡಮ್ಮ ಹಿಂದಿನ ಸೀಟಲ್ಲಿ ಮುಂದಕ್ಕೆ ಬಾಗಿ ಕೂತಿದ್ಲು. ಅವಳಿಗೆ ಒರಗೋದಕ್ಕೂ ಆಗ್ತಿರಲಿಲ್ಲ. ಬಂತೇನೋ ಅಂತ ಕೇಳಿದ್ಲು. ಬಂತಮ್ಮ, ಇಲ್ಲೇ, ಅಂದ. ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ್ಲು. ಬಂತಮ್ಮ, ಇದೊಂದು ತಿರುವು, ಅಂದ. ಮೂರನೇ ಸಲ ಅವಳು ಕೇಳಲೇ ಇಲ್ಲ. ಕೇಳದೇ ಇದ್ರೂ ಇವನೇ ಹೇಳಿದ, ಬಂತಮ್ಮ ಅಂತ… ಉತ್ತರ ಬರಲಿಲ್ಲ. ಬೆಟ್ಟದ ನಾಲ್ಕನೇ ತಿರುವು ಅದು. ಒಂದು ಪಕ್ಕ ಕಲ್ಲು ಕಡಿದ ಗೋಡೆ, ಇನ್ನೊಂದು ಪಕ್ಕ ಕತ್ತಲು.

ಅದಾದ ಮೇಲೆ ಅಣ್ಣ ಇನ್ನೂ ಮೌನಿಯಾದ.

ಅವನಿಗೊಬ್ಬಳು ಮಗಳು. ಸಣ್ಣಗೆ, ಕಡ್ಡಿ ಹಾಗಿದ್ದಾಳೆ ಅಂತ ಗುಬ್ಬಿ ಅಂತಲೇ ಕರೆಯೋದು. ಆಗ ಅವಳಿಗೆ ಏಳು ವರ್ಷ. ದೊಡ್ಡಮ್ಮ ಹೋಗಿ ವರ್ಷ ತುಂಬಿತ್ತೋ ಇಲ್ಲವೋ, ಅವಳಿಗೂ ಶುರುವಾಯ್ತು. ಮೊದಲು ಬರೀ ಕೆಮ್ಮು. ಆಮೇಲೆ ರಾತ್ರಿ ಹೊತ್ತು ಎದೆಯಲ್ಲಿ ಸೀಟಿ. ಡಾಕ್ಟರು ಬಾಯಿಗೆ ಹೊಡಕೊಳ್ಳೋ ಪಂಪು ಕೊಟ್ಟರು. ಪಂಪಿಗೆ ಬಗ್ಗದಿದ್ರೆ ಒಂದು ನಿಮಿಷ ಕಾಯಬೇಡಿ, ನೇರ ದೊಡ್ಡಾಸ್ಪತ್ರೆಗೆ ಬನ್ನಿ, ಅಂದರು. ಹೇಳೋದು ಸುಲಭ.

ಅಣ್ಣ ನಿದ್ದೆ ಬಿಟ್ಟ. ಮಗಳ ಪಕ್ಕದಲ್ಲಿ ಮಲಗಿ ಎದೆ ಏರೋದು, ಇಳಿಯೋದು ನೋಡ್ತಿದ್ದ. ಭಾನುವಾರ ಬಂದ್ರೆ ಒಬ್ಬನೇ ಕಾರು ತಗೊಂಡು ಬೆಟ್ಟ ಹತ್ತೋನು, ಎಷ್ಟು ನಿಮಿಷ ಆಗುತ್ತೆ ಅಂತ ನೋಡೋನು. ಎಷ್ಟು ತುಳಿದ್ರೂ ಅಷ್ಟೇ. ಬೆಟ್ಟ ಕಡಿಯೋದಕ್ಕಾಗಲ್ಲ, ಆಸ್ಪತ್ರೆ ಎಳೆದು ತರೋದಕ್ಕಾಗಲ್ಲ. ಅವನ ಕೈಯಲ್ಲಿ ಇದ್ದದ್ದು ಕಾರು ಒಂದೇ.

ಅವನ ಗೆಳೆಯನೊಬ್ಬ ಎಂಜಿನ್ ಟ್ಯೂನಿಂಗ್ ಮಾಡೋನು. ಅವನಿಗೆ ಎಲ್ಲರೂ ಕಿವಿ ಅಂತ ಹೆಸರಿಟ್ಟಿದ್ರು. ಕಾರು ರಸ್ತೆ ತುದಿಯಲ್ಲಿ ಬರ್ತಿದ್ದ ಹಾಗೇ, ನಿನ್ನ ಮೂರನೇ ಪ್ಲಗ್ ಹೋಗಿದೆ ಕಣೋ, ಅಂತ ಇಲ್ಲಿಂದ ಹೇಳೋನು. ಹೆಂಡತಿ ಬೈಯೋದು ಮಾತ್ರ ಅವನಿಗೆ ಕೇಳಿಸಲ್ಲ ಅಂತ ಜನ ನಗ್ತಿದ್ರು. ಕಿವಿ ಅಣ್ಣನಿಗೆ ವಿವರಿಸಿದ. ಎಂಜಿನ್ನಿಗೂ ಮೂಗು ಇರುತ್ತೆ. ಕಂಪನಿಯವರು ಕೊಟ್ಟಿರೋ ಕರಿ ಪ್ಲಾಸ್ಟಿಕ್ ಡಬ್ಬದ ಮೂಗು ಸಣ್ಣದು, ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತೆ. ಅದನ್ನ ಕಿತ್ತು ಅಗಲದ ಅಲ್ಯೂಮಿನಿಯಂ ಪೈಪು, ಅದರ ತುದಿಗೆ ದೊಡ್ಡ ಶಂಕುವಿನ ಥರ ಫಿಲ್ಟರ್ ಹಾಕಿ, ಬಂಪರ್ ಹಿಂದಿನಿಂದ ಹೊರಗಿನ ತಣ್ಣನೆ ಗಾಳಿ ಎಳೆಸಬೇಕು. ತಣ್ಣನೆ ಗಾಳಿ ದಪ್ಪ. ಆಮೇಲೆ ಎಂಜಿನ್ನಿನ ಕಂಪ್ಯೂಟರ್‌ನಲ್ಲಿ ಲೆಕ್ಕ ತಿದ್ದಬೇಕು, ಇಷ್ಟು ಗಾಳಿಗೆ ಇಷ್ಟು ಪೆಟ್ರೋಲ್ ಅಂತ. ಗಾಳಿ ಒತ್ತಿ ತುಂಬೋ ಟರ್ಬೊ ಇರೋ ಗಾಡಿ, ಏರಿನಲ್ಲಿ ವ್ಯತ್ಯಾಸ ಕಾಣುತ್ತೆ. ಪವಾಡ ಕೇಳಬೇಡ, ಸ್ವಲ್ಪ ದಮ್ಮು ಬರುತ್ತೆ ಅಷ್ಟೇ, ಅಂದನಂತೆ ಕಿವಿ.

ದಮ್ಮು. ಅಣ್ಣನಿಗೆ ಅದೊಂದೇ ಮಾತು ಸಾಕಾಯ್ತು.

ಶನಿವಾರ ಸಂಜೆ ಒಬ್ಬನೇ ಕೂತು ಫಿಟ್ ಮಾಡಿದ. ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದ. ಹಳೇ ಡಬ್ಬ ಎತ್ತಿದ, ತಳದಲ್ಲಿ ಒಣಗಿದ ಎಲೆ, ಒಂದು ಸತ್ತ ಜೀರುಂಡೆ. ಗಾಳಿ ಅಳೆಯೋ ಸೆನ್ಸರ್ ಅಂತ ಒಂದಿರುತ್ತೆ, ಅದರೊಳಗೆ ಕೂದಲೆಳೆಯಷ್ಟು ಸಣ್ಣ ತಂತಿ, ಬೆರಳು ತಾಗಿದ್ರೆ ಹಾಳು. ಅದನ್ನ ಮಗು ಎತ್ತೋ ಹಾಗೆ ಎತ್ತಿ ಹೊಸ ಪೈಪಿಗೆ ಕೂರಿಸಿದ. ಎಂಜಿನ್ನಿನ ಬಿಸಿ ಫಿಲ್ಟರ್‌ಗೆ ತಾಗಬಾರದು ಅಂತ ತಗಡು ಕತ್ತರಿಸಿ ತಾನೇ ಒಂದು ಅಡ್ಡಗೋಡೆ ಮಾಡಿದ. ಪೈಪು ಹಿಡಿಯೋ ಕ್ಲಾಂಪುಗಳನ್ನ ಬಿಗಿದ, ಕರ್… ಕರ್… ಕರ್. ವೈರು ಹಾಕಿ ಸ್ಟಾರ್ಟ್ ಮಾಡಿದ. ಎಂಜಿನ್ ಹಿಂದೆಂದೂ ಮಾಡದ ಸದ್ದು ಮಾಡ್ತು… ಸ್ಸೂ…ಊ… ಅಂತ ಉದ್ದಕ್ಕೆ ಎಳೆದುಕೊಳ್ತು. ಎಷ್ಟೋ ದಿನದ ಮೇಲೆ ಅವತ್ತು ನಕ್ಕೆ, ಅಂದ ನನ್ನ ಹತ್ತಿರ. ಆಮೇಲೆ ಆಫ್ ಮಾಡಿ, ಕೈ ತೊಳೆದು, ಶಟರ್ ಎಳೆದು ಹೊರಟ. ಬಾವಿ ಹತ್ತಿರ ಬಂದಾಗ ಕೇಳಿಸಿದ್ದು ಆಗಲೇ ಹೇಳಿದೆ.

ಆ ರಾತ್ರಿ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತವನು ಸ್ವಲ್ಪ ಹೊತ್ತು ಒಳಗೆ ಹೋಗಲಿಲ್ಲವಂತೆ. ಅತ್ತಿಗೆ ಬಂದು ಏನಾಯ್ತು ಅಂತ ಕೇಳಿದ್ಲು. ಗಂಟಲಿಗೆ ಧೂಳು ಹೋಗಿದೆ ಅಂದ. ಅತ್ತಿಗೆಗೂ ಜಾಸ್ತಿ ಕೇಳೋ ಸ್ಥಿತಿ ಇರಲಿಲ್ಲ. ಒಳಗೆ ಗುಬ್ಬಿಗೆ ಎದೆ ಕಟ್ಟಿತ್ತು. ಹನ್ನೊಂದಕ್ಕೆ ಶುರುವಾಗಿದ್ದು, ಬೆಳಗಿನ ಜಾವ ನಾಲ್ಕಕ್ಕೆ ಬಿಡ್ತು.

ಭಾನುವಾರ ಕಿವಿ ಲ್ಯಾಪ್‌ಟಾಪ್ ತಗೊಂಡು ಬಂದ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ವೈರು ಚುಚ್ಚಿ ಹೊಸ ಲೆಕ್ಕ ಬರೆದ. ಬರೆದು ಮುಗಿಯೋ ತನಕ ಯಾರೂ ಕೀ ಮುಟ್ಟಬಾರದು, ಮಧ್ಯದಲ್ಲಿ ನಿಂತ್ರೆ ಕಂಪ್ಯೂಟರ್ ಸತ್ತ ಹಾಗೇ. ಇಬ್ಬರೂ ಕೈ ಕಟ್ಟಿ, ಆಪರೇಷನ್ ಕೋಣೆ ಹೊರಗೆ ಕೂತ ಹಾಗೆ ಕೂತಿದ್ರು. ಆಮೇಲೆ ಬೆಟ್ಟ ಹತ್ತಿಸಿದ್ರು. ಎರಡನೇ ಗೇರಿಗೆ ಮುಲುಗ್ತಿದ್ದ ಏರನ್ನ ಕಾರು ಮೂರನೇ ಗೇರಲ್ಲಿ ಹತ್ತಿತು. ಕಾಲು ತೆಗೆದ್ರೆ ಫುಶ್ ಅಂತ ಗಾಳಿ ಬಿಡೋದು. ಎಂಟು ನಿಮಿಷ ಉಳೀತು. ಎಂಟು ನಿಮಿಷ ಅಂದ್ರೆ ಏನು ಅಂತ ಆ ಮನೆಯವರನ್ನ ಕೇಳಬೇಕು.

ಸಂಜೆ ಶೆಡ್ಡಿಗೆ ಬಂದ ಮೇಲೆ ಅಣ್ಣ ಒಂದು ಕೇಳಿಕೊಂಡ. ಇವತ್ತು ರಾತ್ರಿ ಲ್ಯಾಪ್‌ಟಾಪ್ ಹೀಗೇ ಸಿಕ್ಕಿಸಿರಲಿ, ಸೆನ್ಸರ್ ಏನು ಹೇಳುತ್ತೋ ದಾಖಲಾಗಲಿ, ಅಂತ. ಯಾಕೆ ಅಂತ ಹೇಳಲಿಲ್ಲ. ಎಂಜಿನ್ ನಿಂತ ಮೇಲೆ ಏನೋ ದಾಖಲಾಗೋದು, ಹೆಣದ ನಾಡಿ ಹಿಡಿದ ಹಾಗೆ, ಅಂತ ಕಿವಿ ತಮಾಷೆ ಮಾಡಿದ. ಮಾಡಿದ್ರೂ ಬಿಟ್ಟು ಹೋದ.

ಸೋಮವಾರ ಬೆಳಗ್ಗೆ ಇಬ್ಬರೂ ಸೇರಿ ಶಟರ್ ಎತ್ತಿದ್ರು. ತೆರೆಯ ಮೇಲೆ ಸೊನ್ನೆಯಲ್ಲಿ ಒಂದು ನೇರ ಗೆರೆ ಇರಬೇಕಿತ್ತು. ಹನ್ನೊಂದು ಗಂಟೆ ತನಕ ಇತ್ತು ಕೂಡ. ಆಮೇಲೆ ಗೆರೆ ಏರಿತ್ತು… ಇಳಿದಿತ್ತು… ಏರಿತ್ತು… ಇಳಿದಿತ್ತು. ನಿಮಿಷಕ್ಕೆ ಹದಿನಾರು ಸಲ. ಏರೋದು ನಿಧಾನ, ಕಷ್ಟಪಟ್ಟು. ಇಳಿಯೋದು ಇನ್ನೂ ನಿಧಾನ. ನಾಲ್ಕು ಗಂಟೆಗೆ ಮತ್ತೆ ನೇರ.

ಕಿವಿ ನಗಲಿಲ್ಲ. ಬಾನೆಟ್ ಎತ್ತಿ, ಫಿಲ್ಟರ್ ಹತ್ತಿರ ಬಗ್ಗಿ, ತುಂಬಾ ಹೊತ್ತು ಕಿವಿಗೊಟ್ಟ. ಬೆಳಗಿನ ಹೊತ್ತು, ಅಣ್ಣನಿಗೆ ಏನೂ ಕೇಳಿಸ್ತಿರಲಿಲ್ಲ. ಅವನಿಗೇನು ಕೇಳಿಸ್ತೋ ಅವನಿಗೇ ಗೊತ್ತು. ಎದ್ದು ನಿಂತು ಬಾನೆಟ್ ಇಳಿಸಿದ.

"ಇದು ಎಂಜಿನ್ನಿಂದಲ್ಲ. ಬಿಚ್ಚಿಬಿಡು," ಅಂದ.

ವೈರು ಸುತ್ತಿಕೊಂಡು, ಚಹಾ ಕೂಡ ಕುಡೀದೇ ಹೊರಟುಹೋದ.

ಅಣ್ಣ ಆಗ ಅತ್ತಿಗೆಗೆ ಎಲ್ಲಾ ಹೇಳಿದ. ಬಾವಿ ಹತ್ತಿರ ಕೇಳಿಸಿದ್ದು, ಗೆರೆ ಏರಿದ್ದು, ಎಲ್ಲಾ. ಅತ್ತಿಗೆ ಗಟ್ಟಿ ಹೆಂಗಸು, ಬಟ್ಟೆ ಹೊಲಿಯೋ ಕಾರ್ಖಾನೆಯಲ್ಲಿ ನಲವತ್ತು ಜನರ ಮೇಲೆ ಮೇಲ್ವಿಚಾರಕಿ, ಕಣ್ಣಿಗೆ ಕಾಣದ್ದನ್ನ ನಂಬೋಳಲ್ಲ. ನೆಲದ ಮೇಲೆ ಗುಬ್ಬಿ ಬಣ್ಣ ಹಚ್ತಾ ಕೂತಿದ್ಲು. ಅತ್ತಿಗೆ ಅವಳ ಕಡೆ ನೋಡಿಕೊಂಡೇ ಕೇಳಿದ್ಲು, ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ ಅಂದ್ರಿ, ಅಂತ. ಹನ್ನೊಂದರಿಂದ ನಾಲ್ಕು. ಆಗ ದನಿ ತಗ್ಗಿಸಿದ್ಲು.

"ರೀ… ಎರಡು ರಾತ್ರಿಯಿಂದ ಇವಳಿಗೂ ಅದೇ ಹೊತ್ತು. ಅತ್ತೆ ಉಸಿರು ಎಳ್ಕೊಳ್ತಿದ್ದಾರೆ ಅಂತೀರಲ್ಲ… ಯಾರಿಂದ ಎಳ್ಕೊಳ್ತಿದ್ದಾರೆ ಅಂತ ಯೋಚನೆ ಮಾಡಿದ್ರಾ?"

ಇವತ್ತೇ ಬಿಚ್ಚಿ ಹಳೇ ಡಬ್ಬ ಹಾಕ್ತೀನಿ ಅಂದ.

ಹೋದ ಕೂಡ. ಕೆಲಸ ಮುಗಿಸಿ ಸಂಜೆ ಶೆಡ್ಡಿಗೆ ಹೋದ, ಬಾನೆಟ್ ಎತ್ತಿದ, ಸ್ಕ್ರೂಡ್ರೈವರ್ ತಗೊಂಡು ಮೊದಲನೇ ಕ್ಲಾಂಪು ಸಡಿಲಿಸಿದ. ಕರ್… ಎರಡು ಸುತ್ತು. ಅಷ್ಟರಲ್ಲಿ ಅವನ ಮುಂಗೈ ಮೇಲೆ ಗಾಳಿ ಸುಳೀತು. ಹನ್ನೊಂದಾಗೋದಕ್ಕೆ ಇನ್ನೂ ಎಷ್ಟೋ ಹೊತ್ತಿತ್ತು. ಮೆಲ್ಲಗೆ, ತುಂಬಾ ಮೆಲ್ಲಗೆ… ಹೀ…ಈ…

ಅವನು ಏನು ಮಾಡಬೇಕಿತ್ತು ಹೇಳಿ? ಒಂದು ಕಡೆ ಮಗಳು. ಇನ್ನೊಂದು ಕಡೆ ಅಮ್ಮ. ಪೈಪು ಕಿತ್ತರೆ ಆ ಉಸಿರು ನಿಲ್ಲುತ್ತೆ, ಎರಡನೇ ಸಲ. ಅದೂ ಇವನ ಕೈಯಿಂದಲೇ. ಕೈ ಮುಂದೆ ಹೋಗಲಿಲ್ಲ. ಗಂಟೆಗಟ್ಟಲೆ ಹಾಗೇ ನಿಂತಿದ್ದನಂತೆ. ಕೊನೆಗೆ ಸಡಿಲಿಸಿದ್ದನ್ನ ಮತ್ತೆ ಬಿಗಿದ. ಕಾರು ತಗೊಂಡು ಮನೆಗೆ ಬಂದು, ನಾಳೆ ಬಿಚ್ತೀನಿ, ಬೆಳಕಿರಲಿಲ್ಲ, ಅಂದ. ಅತ್ತಿಗೆ ಅವನ ಮುಖ ನೋಡಿದ್ಲು. ಏನೂ ಅನ್ನಲಿಲ್ಲ. ಅನ್ನಬೇಕಿತ್ತು ಅಂತ ಈಗಲೂ ಹೇಳ್ತಾಳೆ.

ಅದೇ ರಾತ್ರಿ, ಹನ್ನೆರಡೂವರೆಗೆ, ಗುಬ್ಬಿ ಎದ್ದು ಕೂತ್ಲು. ಎರಡೂ ಕೈ ಹಾಸಿಗೆ ಮೇಲೆ ಊರಿ, ಹೆಗಲು ಎತ್ತಿ ಎತ್ತಿ ಎಳ್ಕೊಳ್ತಿದ್ಲು. ಪಂಪು ಹೊಡೆದ್ರು. ಮತ್ತೆ ಹೊಡೆದ್ರು. ಏನೂ ಆಗಲಿಲ್ಲ. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಒಳಗೆ ಹೋಗ್ತಿತ್ತು. ಅಣ್ಣ ಅವಳನ್ನ ಎತ್ತಿಕೊಂಡು ಕಾರಿನ ಕಡೆ ಓಡಿದ. ಅತ್ತಿಗೆ ಬಾಗಿಲಲ್ಲಿ ಒಂದು ಗಳಿಗೆ ನಿಂತುಬಿಟ್ಲು. ಆ ಕಾರಾ… ಅಂದ್ಲು. ಬೇರೆ ಕಾರು ಎಲ್ಲಿದೆ? ಹತ್ತಿದ್ಲು.

ಹಿಂದಿನ ಸೀಟಲ್ಲಿ ಅತ್ತಿಗೆ ತೊಡೆ ಮೇಲೆ ಗುಬ್ಬಿ. ಅಣ್ಣ ಅವತ್ತು ಓಡಿಸಿದ ಹಾಗೆ ಯಾವತ್ತೂ ಓಡಿಸಿರಲಿಲ್ಲ. ಕಾರೂ ಅಷ್ಟೇ, ಬಿಟ್ಟ ಬಾಣ. ಏರು ಶುರುವಾಯ್ತು, ಮೂರನೇ ಗೇರು, ಸ್ಸೂ…ಊ… ಅಂತ ಎಳೀತು. ಮೊದಲನೇ ತಿರುವು ದಾಟಿತು. ಎರಡನೇದು. ಆಗ ಅವನ ಮನಸ್ಸಿಗೆ ಬಂತಂತೆ, ಸರಿಯಾಗೇ ಮಾಡಿದ್ದೀನಿ, ಈ ಸಲ ತಲುಪಿಸ್ತೀನಿ, ಅಂತ. ಮೂರನೇದು.

ನಾಲ್ಕನೇ ತಿರುವಿನಲ್ಲಿ ಎಂಜಿನ್ ನಿಂತುಹೋಯ್ತು.

ಕೆಮ್ಮಲಿಲ್ಲ, ಜರ್ಕ್ ಹೊಡೀಲಿಲ್ಲ. ದೀಪ ಆರಿದ ಹಾಗೆ ನಿಂತಿತು. ಹೆಡ್‌ಲೈಟೂ ಹೋಯ್ತು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಅಣ್ಣ ಹ್ಯಾಂಡ್‌ಬ್ರೇಕ್ ಎಳೆದ. ಕೀ ತಿರುಗಿಸಿದ. ಟಕ್. ಮತ್ತೆ ತಿರುಗಿಸಿದ. ಟಕ್. ಅಷ್ಟೇ. ಫೋನಿನಲ್ಲಿ ಸಿಗ್ನಲ್ ಇಲ್ಲ. ಇಳಿದು, ಬೆನ್ನು ಕೊಟ್ಟು ತಳ್ಳಿದ. ಏರಿನಲ್ಲಿ ಕಾರು ತಳ್ಳೋದಕ್ಕಾಗುತ್ತಾ? ಗೊತ್ತಿದ್ರೂ ತಳ್ಳಿದ. ಕಾಲು ಜಾರಿ ಮಂಡಿ ಒಡೀತು. ಎದ್ದು ಮತ್ತೆ ತಳ್ಳಿದ. ಕೂಗಿದ, ಯಾರಾದ್ರೂ ಇದ್ದೀರಾ ಅಂತ. ಕಲ್ಲುಗೋಡೆ ಅವನ ದನಿಯನ್ನೇ ವಾಪಸ್ ಕೊಡ್ತು.

ಆಮೇಲೆ ಬಾನೆಟ್ ಎತ್ತಿ ಫೋನಿನ ಬೆಳಕು ಬಿಟ್ಟ. ಪೈಪು ಕಳಚಿರಬಹುದು, ಕ್ಲಾಂಪು ಜಾರಿರಬಹುದು, ಹಾಗೇನಾದ್ರೂ ಇರಲಿ ಅಂತ ಬೇಡಿಕೊಂಡ. ಇದ್ರೆ ಎರಡು ನಿಮಿಷದ ಕೆಲಸ. ಏನೂ ಆಗಿರಲಿಲ್ಲ. ಎಲ್ಲಾ ಅದರದರ ಜಾಗದಲ್ಲೇ ಇತ್ತು. ಫಿಲ್ಟರ್ ಮಾತ್ರ… ಅದರ ಮಡಿಕೆಗಳು ಅಲ್ಲಾಡ್ತಿದ್ವು. ಒಳಗೆ ಹೋಗ್ತಿದ್ವು… ಹೊರಗೆ ಬರ್ತಿದ್ವು. ಎದೆಗೂಡಿನ ಹಾಗೆ. ಒಳಗೆ ಹೋದಾಗ ಹೀ…ಈ…ಈ… ಹೊರಗೆ ಬಂದಾಗ ಗೊರ್.

ಕಾರಿನೊಳಗಿಂದಲೂ ಅದೇ ಸದ್ದು ಬರ್ತಿತ್ತು. ಒಂದೇ ಸಮಕ್ಕೆ. ಬಾನೆಟ್ಟಿನೊಳಗಿಂದು ಜೋರಾಗ್ತಾ ಇತ್ತು, ಮಗುವಿಂದು ಸಣ್ಣಗಾಗ್ತಾ ಇತ್ತು.

ಅತ್ತಿಗೆ ಬಾಗಿಲು ತೆಗೆದ್ಲು. ಅವಳಿಗೂ ಕೇಳಿಸ್ತಿತ್ತು. ಗಂಡನ ಕಡೆ ನೋಡಲಿಲ್ಲ, ಬಾನೆಟ್ಟಿನ ಕಡೆ ನೋಡಿ, ಪಿಸುಮಾತಿನಲ್ಲಿ, ಅತ್ತೆ ಬದುಕಿದ್ದಾಗ ಮಾತಾಡ್ತಿದ್ದ ಹಾಗೇ ಅಂದ್ಲು.

"ಅತ್ತೆ, ಅವಳು ಬೇಡ. ನನ್ನದು ತಗೊಳ್ಳಿ."

ಸದ್ದು ನಿಲ್ಲಲಿಲ್ಲ.

ಅಷ್ಟರಲ್ಲಿ ಗುಬ್ಬಿ ಕಣ್ಣು ಬಿಟ್ಟು ಅಪ್ಪನ್ನ ಹುಡುಕಿದ್ಲು. ತುಟಿ ನೀಲಿಯಾಗಿತ್ತು. ಒಂದೊಂದು ಅಕ್ಷರಕ್ಕೂ ಒಂದೊಂದು ಉಸಿರು ಬೇಕಾಗ್ತಿತ್ತು.

"ಅಪ್ಪ… ಬಂತಾ?"

ಅಣ್ಣನ ಬಾಯಿಗೆ ಅದೇ ಮಾತು ಬಂದಿತ್ತಂತೆ, ಬಂತಮ್ಮ, ಇಲ್ಲೇ, ಅಂತ. ನಾಲಿಗೆ ತುದಿ ತನಕ ಬಂದಿತ್ತು. ಹೇಳಲಿಲ್ಲ.

"ಇಲ್ಲ ಮಗಳೇ. ಬಂದಿಲ್ಲ. ಇನ್ನೂ ತುಂಬಾ ದೂರ ಇದೆ."

ಆಮೇಲೆ ಬಾನೆಟ್ಟಿನ ಕಡೆ ತಿರುಗಿದ.

"ಅಮ್ಮ… ನಿಂಗೆ ಅವತ್ತು ಸುಳ್ಳು ಹೇಳಿದ್ದೆ. ಬಂದಿರಲಿಲ್ಲ."

ಸದ್ದು ನಿಂತುಹೋಯ್ತು.

ಎಂಥ ನಿಶ್ಶಬ್ದ ಅಂದ್ರೆ, ಬಿಸಿ ಎಂಜಿನ್ ತಣಿಯುವಾಗ ಲೋಹ ಟಿಕ್… ಟಿಕ್… ಅನ್ನುತ್ತಲ್ಲ, ಅದೂ ಇರಲಿಲ್ಲ. ಫಿಲ್ಟರ್ ಮಡಿಕೆಗಳು ನಿಂತಿದ್ವು. ಅತ್ತಿಗೆ ಮೆಲ್ಲಗೆ, ಒಳಗೆ ಬನ್ನಿ, ಅಂತ ಕರೆದ್ಲು. ಮಾಡೋದಕ್ಕೆ ಬೇರೇನೂ ಉಳಿದಿರಲಿಲ್ಲ. ಮಗಳು ಹೋಗೋದಾದ್ರೆ ಪಕ್ಕದಲ್ಲಾದ್ರೂ ಇರೋಣ ಅಂತ ಬಾನೆಟ್ ಇಳಿಸಿ ಬಂದು ಹಿಂದಿನ ಸೀಟಲ್ಲೇ ಕೂತ. ಬಾಗಿಲು ಹಾಕಿದ, ಧಪ್. ಇಬ್ಬರೂ ಸೇರಿ ಗುಬ್ಬಿಯನ್ನ ನಡುವೆ ನೆಟ್ಟಗೆ ಹಿಡಿದು ಕೂತ್ರು. ಎಳ್ಕೋ ಮಗಳೇ… ಬಿಡು… ಎಳ್ಕೋ… ಬಿಡು… ಅಂತ ಎಣಿಸ್ತಿದ್ರು.

ಎಷ್ಟು ಹೊತ್ತಾಯ್ತೋ. ಅಣ್ಣನ ಮೈ ಒಂದು ಕಡೆಗೆ ಎಳೆದ ಹಾಗಾಯ್ತು. ತಿರುವಿನಲ್ಲಿ ಗಾಡಿ ತಿರುಗಿದಾಗ ಮೈ ಒಂದು ಕಡೆ ವಾಲುತ್ತಲ್ಲ, ಹಾಗೆ. ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ಕಾರು ಹಿಂದಕ್ಕೆ ಉರುಳ್ತಿದೆ ಅಂತ ಮುಂದಕ್ಕೆ ಬಾಗಿ ಹ್ಯಾಂಡ್‌ಬ್ರೇಕ್ ಮುಟ್ಟಿ ನೋಡಿದ. ಎಳೆದೇ ಇತ್ತು. ಎಂಜಿನ್ ಸದ್ದಿಲ್ಲ. ಟೈರಿನ ಸದ್ದಿಲ್ಲ. ಕಲ್ಲು ಸಿಡಿಯೋ ಸದ್ದೂ ಇಲ್ಲ. ಹೊರಗೆ ನೋಡೋದಕ್ಕೆ ತಲೆ ತಿರುಗಿಸಿದ… ಅತ್ತಿಗೆ ಅಂಗೈಯಿಂದ ಅವನ ಕಣ್ಣು ಮುಚ್ಚಿಬಿಟ್ಲು.

"ನೋಡಬೇಡಿ. ಎಣಿಸಿ."

ಎಣಿಸಿದ.

ಅತ್ತಿಗೆ ಏನು ನೋಡಿದ್ಲು ಅಂತ ಕೇಳಬೇಡಿ. ನಾನೂ ಕೇಳಿದ್ದೀನಿ, ಹೇಳಿಲ್ಲ. ಅಣ್ಣನಿಗೂ ಹೇಳಿಲ್ಲ.

ಆಮೇಲೆ ಮುಚ್ಚಿದ ಕಣ್ಣಿನ ಮೇಲೆ ಬೆಳಕು ಬಿತ್ತು. ಗಾಜಿನ ಮೇಲೆ ಯಾರೋ ಬಡೀತಿದ್ರು, ಟಕ ಟಕ ಟಕ. ಆಸ್ಪತ್ರೆ ಕಾವಲುಗಾರ. ಇದು ಆಂಬ್ಯುಲೆನ್ಸ್ ನಿಲ್ಲಿಸೋ ಜಾಗ, ಗಾಡಿ ತೆಗೀರಿ, ಅಂತ ಗದರಿಸ್ತಿದ್ದ. ಎದುರಿಗೆ ಎಮರ್ಜೆನ್ಸಿ ಬಾಗಿಲು. ಕಾರಿನ ಮುಂದಿನ ಸೀಟು ಖಾಲಿ.

ಮಿಕ್ಕದ್ದು ಆಸ್ಪತ್ರೆ ಕೆಲಸ. ಗುಬ್ಬಿಗೆ ಮಾಸ್ಕ್ ಹಾಕಿದ್ರು, ಸೂಜಿ ಚುಚ್ಚಿದ್ರು. ಬೆಳಗ್ಗೆ ಡಾಕ್ಟರು ಹೊರಗೆ ಬಂದು, ಇನ್ನು ಹತ್ತು ನಿಮಿಷ ತಡವಾಗಿದ್ರೆ ನಾನು ನಿಮ್ಮ ಹತ್ತಿರ ಬೇರೆ ಮಾತಾಡಬೇಕಾಗ್ತಿತ್ತು, ಅಂದರಂತೆ. ಐದು ದಿನ ಇಟ್ಟುಕೊಂಡು ಕಳಿಸಿದ್ರು. ಈಗ ಅವಳಿಗೆ ಹನ್ನೆರಡು. ಪಂಪು ಇನ್ನೂ ಬೇಕು, ಆದ್ರೆ ಅಂಥ ರಾತ್ರಿ ಮತ್ತೆ ಬರಲಿಲ್ಲ. ಮಾತು ಮಾತ್ರ ನಮ್ಮೆಲ್ಲರದ್ದೂ ಸೇರಿಸಿದಷ್ಟು ಆಡ್ತಾಳೆ.

ಪೈಪು ಬಿಚ್ಚಿದ್ರಾ ಅಂತ ಕೇಳ್ತೀರಿ. ಇಲ್ಲ. ಅಣ್ಣ ಅದಾದ ಮೇಲೆ ಎಷ್ಟೋ ರಾತ್ರಿ ಹೋಗಿ ಶಟರ್‌ಗೆ ಕಿವಿ ಕೊಟ್ಟು ನಿಂತಿದ್ದಾನೆ. ಏನೂ ಕೇಳಿಸಿಲ್ಲ. ಕೇಳಿಸದೇ ಇದ್ದದ್ದಕ್ಕೆ ಅವನಿಗೆ ಸಮಾಧಾನವಾಯ್ತಾ, ಸಂಕಟವಾಯ್ತಾ… ಅದು ನನಗೂ ಗೊತ್ತಿಲ್ಲ.

ನೀವು ನಂಬಬೇಕು ಅಂತ ನಾನು ಹೇಳ್ತಿಲ್ಲ. ಗಾಬರಿಯಲ್ಲಿ ಎಂಜಿನ್ ಯಾವಾಗಲೋ ಸ್ಟಾರ್ಟ್ ಆಗಿರಬೇಕು, ಅವನೇ ಓಡಿಸಿಕೊಂಡು ಬಂದು ಮರೆತಿರಬೇಕು, ಅಂತ ನಾನೂ ಅಂದುಕೊಂಡಿದ್ದೆ. ಆ ಬೆಳಗ್ಗೆ ಬಟ್ಟೆ, ಫ್ಲಾಸ್ಕು ತಗೊಂಡು ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೋರಲ್ಲಿ ನಾನೇ ಮೊದಲು. ಕಾವಲುಗಾರ ಇನ್ನೂ ಗೊಣಗ್ತಿದ್ದ. ಅಣ್ಣ ವಾರ್ಡ್ ಬಾಗಿಲು ಬಿಟ್ಟು ಕದಲೋ ಹಾಗಿರಲಿಲ್ಲ, ಕೀ ನನ್ನ ಕೈಗೆ ಕೊಟ್ಟು ಗಾಡಿ ಪಕ್ಕಕ್ಕೆ ಹಾಕು ಅಂದ. ಹೋಗಿ ಕೂತೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಮೀಟರ್ ಹತ್ತಿಕೊಳ್ತು.

ಅಣ್ಣ ಮನೆ ಬಿಡುವಾಗಲೆಲ್ಲ, ಚಕ್ರ ಓಡಿದ ದೂರ ತೋರಿಸೋ ಟ್ರಿಪ್ ಮೀಟರನ್ನ ಸೊನ್ನೆಗೆ ಒತ್ತೋನು. ಅವತ್ತು ರಾತ್ರಿಯೂ ಬೆರಳು ತಾನಾಗೇ ಒತ್ತಿತ್ತಂತೆ, ಅದು ಅವನಿಗೆ ಚೆನ್ನಾಗಿ ನೆನಪಿದೆ. ಮನೆಯಿಂದ ನಾಲ್ಕನೇ ತಿರುವಿಗೆ ಹತ್ತೊಂಬತ್ತು ಕಿಲೋಮೀಟರ್. ಆಸ್ಪತ್ರೆ ಬಾಗಿಲಿಗೆ ಮೂವತ್ತೊಂದು. ಬೇಕಾದ್ರೆ ನೀವೇ ಹೋಗಿ ಅಳೆದು ನೋಡಿ.

ಮೀಟರಿನಲ್ಲಿ ಇದ್ದದ್ದು ಹತ್ತೊಂಬತ್ತು. ನಾನೇ ನೋಡಿದ್ದು, ಈ ಕಣ್ಣಿಂದ, ಬೆಳಗ್ಗೆ ಎಂಟು ಗಂಟೆ ಬಿಸಿಲಲ್ಲಿ.